ಉಳ್ಳೂರಿನ ಹನ್ನೆರಡು ಸೆಂಟಿನ ಹಟ್ಟಿ

ನಮ್ಮ ಮನೆಯ ಜನಗಣತಿ ಸದ್ಯಕ್ಕೆ ಹೀಗಿದೆ: ಮನುಷ್ಯರು ನಾಲ್ವರು, ಹಸು ಒಂದು, ಗಡಸು ಒಂದು, ಆಡು ಎರಡು, ಕೋಳಿ ಹನ್ನೊಂದು, ಬಾತುಕೋಳಿ ಎರಡು. ಮನುಷ್ಯರ ಸಂಖ್ಯೆ ಬಿಟ್ಟರೆ ಉಳಿದದ್ದೆಲ್ಲ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಇದೆಲ್ಲ ಇರುವುದು ಯಾವುದೋ ಹಳ್ಳಿಯಲ್ಲಲ್ಲ, ತಿರುವನಂತಪುರ ನಗರದೊಳಗಿನ ಉಳ್ಳೂರಿನಲ್ಲಿ. ಒಂದು ಕಡೆ ಮೆಡಿಕಲ್ ಕಾಲೇಜು, ಇನ್ನೊಂದು ಕಡೆ ಶ್ರೀಕಾರ್ಯಂ, ಇಳಿಜಾರಿನಲ್ಲಿ ಹೋದರೆ ಆಕ್ಕುಳಂ ಕೆರೆ. ಬೆಳಗ್ಗೆ ಕೋಳಿ ಕೂಗುವುದೂ ಆಂಬುಲೆನ್ಸ್ ಕೂಗುವುದೂ ಒಟ್ಟಿಗೇ ಕೇಳಿಸುತ್ತದೆ. ಕಳಕ್ಕೂಟಂನ ಟೆಕ್ನೋಪಾರ್ಕಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನಾನು ಹಸು ಸಾಕಿದ್ದೇನೆ ಎಂದರೆ ಬೆಂಗಳೂರಿನ ಗೆಳೆಯರು, "ಓಹೋ, ಎ2 ಹಾಲಿನ ಬಿಸಿನೆಸ್ಸಾ?" ಎನ್ನುತ್ತಾರೆ. ಬಿಸಿನೆಸ್ಸೂ ಅಲ್ಲ, ಎ2ವೂ ಅಲ್ಲ. ಶುರುವಾದದ್ದು ಅಕ್ಕಿ ತೊಳೆದ ನೀರಿನಿಂದ.

ನನ್ನೂರು ಪುತ್ತೂರು ತಾಲೂಕಿನ ಒಂದು ಮೂಲೆ. ಅಡಿಕೆ ತೋಟ, ಹಟ್ಟಿ ತುಂಬ ಗಿಡ್ಡ ತಳಿಯ ದನಗಳು. ಎಂ.ಟೆಕ್. ಮುಗಿಸಿ ಕೆಲಸ ಹಿಡಿದು ಈ ಕಡೆ ಬಂದೆ, ಮದುವೆಯಾಯಿತು, ಮಗಳು ಹುಟ್ಟಿದಳು, ಇಲ್ಲೇ ಉಳಿದೆವು. 2019ರಲ್ಲಿ ಅಪ್ಪ ತೀರಿಕೊಂಡ ಮೇಲೆ ಅಮ್ಮ ಒಬ್ಬಳೇ ಆದಳು. ತೋಟವನ್ನು ದೊಡ್ಡಪ್ಪನ ಮಗ ನೋಡಿಕೊಳ್ಳುತ್ತೇನೆಂದ. ಹಟ್ಟಿಯಲ್ಲಿ ಉಳಿದಿದ್ದ ಮೂರು ದನಗಳು ವಿಟ್ಲದ ಸೋದರಮಾವನ ಮನೆಗೆ ಹೋದವು. ಅಮ್ಮ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿ ಉಳ್ಳೂರಿಗೆ ಬಂದಳು.

ಬಂದವಳು ಇಲ್ಲೂ ಬೆಳಗಿನ ಜಾವ ನಾಲ್ಕೂವರೆಗೇ ಏಳುತ್ತಿದ್ದಳು. ಎದ್ದು ಮಾಡುವುದೇನು? ಹಟ್ಟಿ ಇಲ್ಲ, ಹಾಲು ಕರೆಯುವುದಿಲ್ಲ, ಸೊಪ್ಪು ಹಾಕುವುದಿಲ್ಲ. ಅಡುಗೆಮನೆಯ ದೀಪ ಹಾಕಿ ಸುಮ್ಮನೆ ಕುಳಿತಿರುತ್ತಿದ್ದಳು. ಅಕ್ಕಿ ತೊಳೆದ ನೀರನ್ನು ಸಿಂಕಿಗೆ ಚೆಲ್ಲುವಾಗ ಅವಳ ಕೈ ಒಂದು ಕ್ಷಣ ತಡೆಯುತ್ತಿತ್ತು. ಐವತ್ತು ವರ್ಷ ಆ ನೀರು ಅಕ್ಕಚ್ಚಿನ ಬಾಲ್ದಿಗೆ ಹೋದದ್ದು. ನನ್ನ ಹೆಂಡತಿ ಮೈಸೂರಿನವಳು, ದನದ ಸಹವಾಸ ಇಲ್ಲದೆ ಬೆಳೆದವಳು. ಇದನ್ನು ಮೊದಲು ಗಮನಿಸಿದ್ದು ಅವಳೇ. "ಅತ್ತೆಗೆ ಏನಾದರೂ ಸಾಕಲಿಕ್ಕೆ ಬೇಕು ಕಣ್ರೀ" ಎಂದಳು.

2020ರ ಲಾಕ್‌ಡೌನಿನಲ್ಲಿ ಕೇರಳ ಸರಕಾರ 'ಸುಭಿಕ್ಷ ಕೇರಳಂ' ಎಂಬ ಯೋಜನೆ ತಂದಿತು. ಖಾಲಿ ಬಿದ್ದ ಜಾಗದಲ್ಲೆಲ್ಲ ತರಕಾರಿ ಬೆಳೆಯಿರಿ, ಕೋಳಿ ಆಡು ಸಾಕಿರಿ ಎಂದು ಎಲ್ಲ ಕಡೆ ಪ್ರಚಾರ. ನಮ್ಮ ಮನೆಗೆ ತಾಗಿ ಹನ್ನೆರಡು ಸೆಂಟು ಜಾಗ ಪೊದೆ ಬೆಳೆದು ಬಿದ್ದಿತ್ತು. ಅದರ ಯಜಮಾನರು ವಯಸ್ಸಾದವರು, ಮಕ್ಕಳೆಲ್ಲ ಗಲ್ಫಿನಲ್ಲಿ. ಕೇಳಿದ್ದಕ್ಕೆ, "ಹಾವಿನ ಕಾಟವಾದರೂ ತಪ್ಪುತ್ತದೆ, ಮಾಡಿಕೊಳ್ಳಿ" ಎಂದರು. ಮೊದಲು ಬಂದದ್ದು ಆರು ಗ್ರಾಮಶ್ರೀ ಕೋಳಿಗಳು. ಅಮ್ಮ ಮೊಟ್ಟೆ ತಿನ್ನುವವಳಲ್ಲ, ಮುಟ್ಟಿದರೆ ಕೈ ತೊಳೆಯುವವಳು. ಆದರೆ ಮೂರನೆಯ ದಿನವೇ ಯಾವ ಹೇಂಟೆ ಎಷ್ಟು ಗಂಟೆಗೆ ಮೊಟ್ಟೆ ಇಡುತ್ತದೆ ಎಂದು ಅವಳಿಗೆ ಬಾಯಿಪಾಠವಾಗಿತ್ತು. ಪಕ್ಕದ ಮನೆಯ ಚೇಚಿಗೆ ಮಾರಿ, ದುಡ್ಡನ್ನು ಎಣಿಸಿ ಸೆರಗಿನ ತುದಿಗೆ ಕಟ್ಟಿಕೊಳ್ಳುವಾಗ ಅವಳ ಮುಖದಲ್ಲಿ ಬಂದ ಕಳೆಯನ್ನು ನಾವು ಒಂದು ವರ್ಷದಿಂದ ನೋಡಿರಲಿಲ್ಲ.

ಭಾಷೆಯ ಕತೆಯನ್ನೂ ಹೇಳಬೇಕು. ಅಮ್ಮನಿಗೆ ಮಲಯಾಳ ಬಾರದು, ಆದರೆ ತುಳು ಬರುತ್ತದೆ. "ಇವರು ನಮ್ಮ 'ಹ' ತೆಗೆದು 'ಪ' ಹಾಕುತ್ತಾರೆ, ಅಷ್ಟೇ" ಎಂದು ಅವಳೇ ಸೂತ್ರ ಕಂಡುಹಿಡಿದಳು. ಹಾಲು ಪಾಲ್, ಹುಲ್ಲು ಪುಲ್ಲ್, ಹುಲಿ ಪುಲಿ. ತುಳುವಿನ ಪೇರ್, ಪಿಲಿಗಳಿಗೆ ಹತ್ತಿರ. ಹಿಂಡಿ ಪಿಣ್ಣಾಕ್ಕ್ ಆದಾಗ ಸೂತ್ರ ಸ್ವಲ್ಪ ಅಲುಗಾಡಿತು, ಬೈಹುಲ್ಲು ವೈಕ್ಕೋಲ್ ಎಂದಾಗ ಬಿದ್ದೇ ಹೋಯಿತು. 'ಪಶು' ಎಂದರೆ ಇಲ್ಲಿ ಹಸು ಮಾತ್ರ, ಆಡು ಪಶುವಲ್ಲ. ಪಶುವೈದ್ಯರಿರುವ ಜಾಗಕ್ಕೆ 'ಮೃಗಾಶುಪತ್ರಿ' ಎಂಬ ಬೋರ್ಡು. "ನಮ್ಮ ಕೋಳಿ ಯಾವಾಗ ಮೃಗವಾಯಿತು?" ಎಂದು ಅಮ್ಮ ಅಲ್ಲಿನ ಬೆಂಚಿನ ಮೇಲೆ ಕುಳಿತು ನಕ್ಕಿದ್ದಳು. ಕರುವೂ ಕುಟ್ಟಿ, ಆಡಿನ ಮರಿಯೂ ಕುಟ್ಟಿ, ನಮ್ಮ ಮಗಳೂ ಚೇಚಿಗೆ ಕುಟ್ಟಿ. ಅಂಗಳದಲ್ಲಿ ಯಾರಾದರೂ "ಕುಟ್ಟೀ" ಎಂದು ಕೂಗಿದರೆ ಬರುವವರು ಯಾರು ಎಂದು ಹೇಳುವಂತಿಲ್ಲ.

ಮಗಳು ಶಾಲೆಯಲ್ಲಿ ಕಲಿಯುವುದು ಮಲಯಾಳ, ಹಿಂದಿ, ಇಂಗ್ಲಿಷು. ಕನ್ನಡ ಮಾತಾಡುತ್ತಾಳೆ, ಓದಲು ಬರುತ್ತಿರಲಿಲ್ಲ. ಹೊರನಾಡಿನಲ್ಲಿರುವ ನಮ್ಮಂಥವರ ಮನೆಗಳ ಕತೆ ನಿಮಗೆ ಗೊತ್ತಿದ್ದದ್ದೇ. ಆನ್‌ಲೈನ್ ಕ್ಲಾಸು, ಬಣ್ಣದ ಪುಸ್ತಕ ಎಲ್ಲ ಆಗಿ ಸೋತಿದ್ದೆವು. ಕೊನೆಗೆ ಕಲಿಸಿದ್ದು ಒಂದು ಲೆಕ್ಕದ ಪುಸ್ತಕ. ಅಮ್ಮ ಊರಿನ ಅಭ್ಯಾಸದಂತೆ 200 ಪುಟದ ಒಂದು ಉದ್ದ ಪುಸ್ತಕದಲ್ಲಿ ಕೋಳಿಯ ಹೆಸರು, ಮೊಟ್ಟೆ, ಬೂಸಾ, ಹಿಂಡಿ, ಔಷಧಿ ಎಲ್ಲ ಬರೆದಿಡುತ್ತಿದ್ದಳು, ಅಂಕಿಯೂ ಕನ್ನಡದ್ದೇ. ತನ್ನ ಕೆಂಪಿ ಎಷ್ಟು ಮೊಟ್ಟೆ ಇಟ್ಟಿದ್ದಾಳೆ ಎಂದು ನೋಡುವ ಆಸೆಗೆ ಮಗಳು ಅಕ್ಷರ ಕೂಡಿಸತೊಡಗಿದಳು. 'ಕೆಂಪಿ' ಓದಿದಳು, 'ಹಿಂಡಿ' ಓದಿದಳು. 'ಗಬ್ಬ' ಎಂಬುದನ್ನು ಓದಿ ಅರ್ಥ ಕೇಳಿದಾಗ ಆಡು ಬಂದಾಗಿತ್ತು.

ಆಡಿನ ಹೆಸರು ಮಲ್ಲಿ. ಮಲಬಾರಿ ತಳಿ, ಕಪ್ಪು ಬಿಳಿ ಮೈ. ತಲಶ್ಶೇರಿ ಕಡೆಯ ಈ ಆಡುಗಳು ಒಂದೇ ಮರಿ ಹಾಕುವುದು ಕಡಿಮೆ, ಅವಳಿ ಸಾಮಾನ್ಯ, ತ್ರಿವಳಿಯೂ ಉಂಟು. ಗಬ್ಬ ನಿಂತು ಐದು ತಿಂಗಳಿಗೆ ಮರಿ. ಕೇರಳದಲ್ಲಿ ಆಡು ಸಾಕುವವರಿಗೆ ಹಲಸಿನ ಎಲೆಯೇ ಬಂಡವಾಳ. ನಮ್ಮ ಬೀದಿಯಲ್ಲಿ ಯಾರ ಮನೆಯ ಹಲಸು ಕಡಿಯುತ್ತಾರೆ ಎಂಬುದನ್ನು ಕಾರ್ಪೊರೇಷನ್ನಿಗಿಂತ ಮೊದಲು ಅಮ್ಮ ತಿಳಿದಿರುತ್ತಿದ್ದಳು.

2021ರ ಅಕ್ಟೋಬರಿನ ಒಂದು ರಾತ್ರಿ ಮಲ್ಲಿ ಮೂರು ಮರಿ ಹಾಕಿತು. ಅಮೆರಿಕದವರ ಜೊತೆ ನನ್ನ ಮೀಟಿಂಗು ನಡೆಯುತ್ತಿತ್ತು, ಮೈಕು ಮ್ಯೂಟ್ ಮಾಡಿ ಕಿಟಕಿಯಿಂದ ಟಾರ್ಚು ಹಿಡಿದಿದ್ದೆ. ಹೆಂಡತಿ ಅದುವರೆಗೆ ಸಗಣಿ ಮುಟ್ಟಿದವಳಲ್ಲ. ಅವತ್ತು ಹಳೆಯ ಟವೆಲಿನಲ್ಲಿ ಮರಿಗಳ ಮೂಗು ಬಾಯಿ ಒರೆಸಿ, ಅಮ್ಮ ಹೇಳಿದಂತೆ ಒಂದೊಂದನ್ನೇ ಕೆಚ್ಚಲಿಗೆ ಹಿಡಿದಳು. ಎರಡು ಗಟ್ಟಿಯಾಗಿದ್ದವು. ಮೂರನೆಯದು ಅಂಗೈಯಗಲದ ಜೀವ, ನಿಲ್ಲಲೂ ಆಗುತ್ತಿರಲಿಲ್ಲ.

ಹುಟ್ಟಿದ ಮರಿಗೆ ಹತ್ತು ದಿನ ಹೆಸರಿಡಬಾರದು ಎಂಬುದು ಅಮ್ಮನ ನಿಯಮ. ಮಗಳು ಕೇಳಲಿಲ್ಲ. ಗಟ್ಟಿಮುಟ್ಟಾದ ಗಂಡುಮರಿಗೆ ಅಪ್ಪು, ಹೆಣ್ಣಿಗೆ ಚಿನ್ನು. ಮೂರನೆಯದಕ್ಕೆ ಮಾತ್ರ ಅಜ್ಜಿಯ ಮಾತು ಕೇಳಿ ಕಾದಳು. ನಾಲ್ಕು ದಿನ ಶಾಲೆಯ ಆನ್‌ಲೈನ್ ಕ್ಲಾಸಿನ ನಡುವೆ ಎದ್ದು ಹೋಗಿ ಬಾಟಲಿಯಲ್ಲಿ ಹಾಲು ಕುಡಿಸಿದಳು. ಐದನೆಯ ಬೆಳಿಗ್ಗೆ ಅದು ತಣ್ಣಗಾಗಿತ್ತು. ಹಲಸಿನ ಬುಡದಲ್ಲಿ ಹೂತೆವು. ಸಂಜೆ ಪುಸ್ತಕ ತೆರೆದು ನೋಡಿದರೆ ಅವಳ ಸೊಟ್ಟ ಕನ್ನಡದಲ್ಲಿ ಒಂದು ಸಾಲು: 'ಮೂರನೆಯದು ಹೋಯಿತು.' ಅವಳು ಸ್ವಂತವಾಗಿ ಬರೆದ ಮೊದಲ ಕನ್ನಡ ವಾಕ್ಯ ಅದು. ನಾನು ಅದರ ಫೋಟೋ ತೆಗೆಯಲಿಲ್ಲ.

ಇಂಥ ಸಾವುಗಳು ಲೆಕ್ಕವಿಲ್ಲದಷ್ಟಾದವು. ಆರು ಬಾತುಕೋಳಿಗಳಲ್ಲಿ ನಾಲ್ಕನ್ನು ಒಂದೇ ರಾತ್ರಿ ಬೀದಿನಾಯಿಗಳು ಮುಗಿಸಿದವು. ಒಂದು ಹೇಂಟೆಯನ್ನು ಕೀರಿ, ಇನ್ನೊಂದನ್ನು ಇಲ್ಲಿನವರು ಮರಪ್ಪಟ್ಟಿ ಎನ್ನುವ ಪುನುಗು ಬೆಕ್ಕು ಹೊತ್ತೊಯ್ದವು. ಸಾವು ಬಂದಾಗ ಅತ್ತು ಹಗುರಾಗಬಹುದು. ಸಾಕುವ ಮನೆಯಲ್ಲಿ ನಿಜಕ್ಕೂ ಕಷ್ಟದ್ದು ಬೇರೆ ಇದೆ. ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಕಳಿಸುವುದು ಎಂದು ನಾವೇ ನಿರ್ಧರಿಸಬೇಕಾಗುತ್ತದಲ್ಲ, ಅದು.

ಅಪ್ಪು ಒಂಬತ್ತು ತಿಂಗಳಿಗೆ ಮೊಣಕಾಲ ಮೇಲಕ್ಕೆ ಬೆಳೆದು ನಿಂತ. ಗೇಟು ತೆರೆದರೆ ಓಡಿಬಂದು ಲ್ಯಾಪ್‌ಟಾಪ್ ಚೀಲಕ್ಕೆ ಹಾಯುತ್ತಿದ್ದ. ಮಗಳು ಶಾಲೆಯಿಂದ ಬಂದರೆ ಅವಳ ಟಿಫಿನ್ ಡಬ್ಬಿ ತೆರೆಯುವವರೆಗೆ ಬಿಡುತ್ತಿರಲಿಲ್ಲ. ಆದರೆ ಹೋತ ಬೆಳೆದ ಮೇಲೆ ತಾಯಿ ತಂಗಿಯರ ಜೊತೆ ಒಂದೇ ಕೊಟ್ಟಿಗೆಯಲ್ಲಿ ಇಡುವಂತಿಲ್ಲ. ಹನ್ನೆರಡು ಸೆಂಟಿನಲ್ಲಿ ಇನ್ನೊಂದು ಕೊಟ್ಟಿಗೆಗೆ ಜಾಗವೂ ಇಲ್ಲ. ಬೀಜ ಒಡೆಸಿ ಸುಮ್ಮನೆ ಸಾಕಬಹುದು. ಒಂದಾದರೆ ಸರಿ, ವರ್ಷಕ್ಕೆ ಎರಡು ಮೂರು ಗಂಡು ಹುಟ್ಟುವಾಗ ಹಾಗೆ ಎಷ್ಟನ್ನು ಸಾಕುವುದು? 2022ರ ಜೂನ್ ಕೊನೆ, ಬಕ್ರೀದಿಗೆ ಎರಡು ವಾರವಿತ್ತು. ಕೊಳ್ಳುವವರು ಬಂದು ನೋಡಿ ಹೋದರು.

ನಾವು ಸಸ್ಯಾಹಾರಿಗಳು. ಊಟದ ಮೇಜಿನ ಸುತ್ತ ಆ ರಾತ್ರಿ ಯಾರೂ ಮಾತಾಡಲಿಲ್ಲ. ಮಗಳಿಗೆ ಆಗ ಒಂಬತ್ತು ವರ್ಷ. "ಅವರು ಅಪ್ಪುವನ್ನು ಏನು ಮಾಡ್ತಾರೆ?" ಎಂದು ಕೇಳಿದಳು. ಹೆಂಡತಿ ನನ್ನ ಮುಖ ನೋಡಿದಳು, ನಾನು ಅಮ್ಮನ ಮುಖ ನೋಡಿದೆ.

"ತಿಂತಾರೆ ಪುಟ್ಟಿ" ಎಂದಳು ಅಮ್ಮ.

ನಾನು ಚಿಕ್ಕವನಿದ್ದಾಗ ನಮ್ಮ ಹಟ್ಟಿಯಲ್ಲಿ ವರ್ಷಕ್ಕೆ ಒಂದೆರಡು ಗಂಡುಕರು ಹುಟ್ಟುತ್ತಿದ್ದವು. ಒಂದು ದಿನ ಶಾಲೆಯಿಂದ ಬರುವಾಗ ಕರು ಇರುತ್ತಿರಲಿಲ್ಲ. "ವಿಟ್ಲಕ್ಕೆ ಹೋಯಿತು" ಎನ್ನುತ್ತಿದ್ದರು. ಮಾವನ ಮನೆಯಲ್ಲಿ ಎಷ್ಟು ಹೋರಿಗಳಿರಬಹುದು ಎಂದು ಲೆಕ್ಕ ಹಾಕುತ್ತಿದ್ದೆವು. ಉಳಲು ಟಿಲ್ಲರ್ ಬಂದ ಮೇಲೆ ಹೋರಿಗೆ ಕೆಲಸವಿಲ್ಲ, ಅಡಿಕೆ ತೋಟದವರಿಗೆ ಮೊದಲೇ ಇರಲಿಲ್ಲ. ಅಮ್ಮ ಆ ರಾತ್ರಿ ಮೊಮ್ಮಗಳಿಗೆ ಅದನ್ನೂ ಹೇಳಿದಳು. "ಹಾಲು ಬೇಕು ಅಂದ್ರೆ ಮರಿ ಹುಟ್ಟಬೇಕು. ಹುಟ್ಟಿದ್ದರಲ್ಲಿ ಅರ್ಧ ಗಂಡು. ನಿನ್ನ ಅಪ್ಪನಿಗೆ ನಾನು ವಿಟ್ಲ ಅಂತ ಹೇಳ್ತಿದ್ದೆ, ನಿನಗೆ ಹೇಳುವುದಿಲ್ಲ." ಮಗಳು ಬಹಳ ಹೊತ್ತು ಸುಮ್ಮನಿದ್ದು, "ಪ್ಯಾಕೆಟ್ ಹಾಲಿಗೂ ಹಾಗೇನಾ?" ಎಂದಳು. ಹೌದು, ಪ್ಯಾಕೆಟ್ ಹಾಲಿಗೂ ಹಾಗೇ. ಮಿಲ್ಮಾ ಇರಲಿ, ನಂದಿನಿ ಇರಲಿ, ಹಸು ಕರು ಹಾಕದೆ ಹಾಲಿಲ್ಲ. ಫ್ಲ್ಯಾಟಿನಲ್ಲಿ ಕಾಫಿ ಕುಡಿಯುವವರಿಗೆ ಈ ಪ್ರಶ್ನೆಯ ಎದುರು ಕೂರಬೇಕಾಗಿ ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಅಪ್ಪುವನ್ನು ಮಾರಿದೆವು. ಹಣ ಎಷ್ಟೆಂದು ಮಗಳು ಪುಸ್ತಕದಲ್ಲಿ ಬರೆಯಲು ಒಪ್ಪಲಿಲ್ಲ, ಅಮ್ಮನೇ ಬರೆದಳು. ಮೂರು ದಿನ ಮಗಳು ಹಾಲು ಮುಟ್ಟಲಿಲ್ಲ. ನಾಲ್ಕನೆಯ ದಿನ ತಾನಾಗಿ ಲೋಟ ತೆಗೆದುಕೊಂಡಳು, ಯಾರೂ ಏನೂ ಹೇಳಲಿಲ್ಲ. ಆಮೇಲೆ ಹುಟ್ಟಿದ ಗಂಡುಮರಿಗಳಿಗೆ ಅವಳು ಹೆಸರಿಟ್ಟಿಲ್ಲ. ಒಂದು ಮಾತ್ರ ನೆಡುಮಂಗಾಡಿನವರೊಬ್ಬರಿಗೆ ಬಿತ್ತನೆಗೆ ಹೋಯಿತು, ಅದಕ್ಕೆ ಹೋಗುವ ದಿನ ಬೆಳಿಗ್ಗೆ ಗಡಿಬಿಡಿಯಲ್ಲಿ 'ರಾಜ' ಎಂದು ಹೆಸರಿಟ್ಟಳು.

ನಮ್ಮದು ಸಂಬಳ ಇಟ್ಟುಕೊಂಡು ಸಾಕುವವರ ನಷ್ಟ. ಅದಕ್ಕೇ ಬದುಕುವವರ ನಷ್ಟ ಇನ್ನೊಂದು ಅಳತೆಯದು. 2023ರ ಜನವರಿಯಲ್ಲಿ ನಮ್ಮದೇ ಜಿಲ್ಲೆಯ ಅಳೂರು ಪಂಚಾಯಿತಿಯ ಪೆರುಂಗುಳಿಯಲ್ಲಿ ಹಕ್ಕಿಜ್ವರ ದೃಢಪಟ್ಟಿತು. ನಿಯಮದಂತೆ ರೋಗ ಕಂಡ ಜಾಗದಿಂದ ಒಂದು ಕಿಲೋಮೀಟರ್ ಒಳಗಿನ ಸಾಕುಹಕ್ಕಿಗಳನ್ನೆಲ್ಲ ಕೊಲ್ಲಬೇಕು. ಕಾಯಿಲೆ ಇರಲಿ, ಇಲ್ಲದಿರಲಿ, ಕೋಳಿ, ಬಾತು, ಪಂಜರದ ಲವ್‌ಬರ್ಡ್ ಎಲ್ಲವೂ. ಸರಕಾರದ ಪರಿಹಾರ ಎರಡು ತಿಂಗಳು ದಾಟಿದ ಹಕ್ಕಿಗೆ 200 ರೂಪಾಯಿ, ಅದಕ್ಕಿಂತ ಚಿಕ್ಕದಕ್ಕೆ 100, ಮೊಟ್ಟೆಗೆ 5. ನನ್ನ ಸಹೋದ್ಯೋಗಿಯೊಬ್ಬರ ಅತ್ತೆಯ ಮನೆ ಆ ಒಂದು ಕಿಲೋಮೀಟರಿನೊಳಗಿತ್ತು. ಬಿಳಿ ಕವಚ ತೊಟ್ಟವರು ಬಂದಾಗ ಆಕೆ ಕೋಳಿಗಳಿಗೆ ಕೊನೆಯ ಸಲ ಅಕ್ಕಿ ಹಾಕಲು ಹತ್ತು ನಿಮಿಷ ಕೇಳಿಕೊಂಡರಂತೆ. ಉಳ್ಳೂರು ಸಾಕಷ್ಟು ದೂರವಿದ್ದುದರಿಂದ ನಮ್ಮ ಕೋಳಿಗಳಿಗೆ ಏನೂ ಆಗಲಿಲ್ಲ. ಅಮ್ಮ ಮಾತ್ರ ಒಂದು ವಾರ ಯಾರನ್ನೂ ಗೂಡಿನ ಹತ್ತಿರ ಬಿಡಲಿಲ್ಲ, ತನ್ನ ಚಪ್ಪಲಿಯನ್ನೂ ಹೊರಗೇ ಬಿಟ್ಟು ಹೋಗುತ್ತಿದ್ದಳು. ಕುಟ್ಟನಾಡಿನ ಬಾತುಕೋಳಿ ಸಾಕಣೆಗಾರರಿಗೆ ಇದು 2014ರಿಂದ ಮತ್ತೆ ಮತ್ತೆ ಬಂದ ಪಾಡು. ಕ್ರಿಸ್ಮಸ್ಸಿಗೆಂದು ಬೆಳೆಸಿದ ಹಿಂಡಿಗೆ ಹಿಂಡೇ ಗದ್ದೆಯಲ್ಲಿ ಉರಿಯುವುದನ್ನು ಅವರು ನಿಂತು ನೋಡಿದ್ದಾರೆ.

ಇನ್ನೊಂದು ಸುದ್ದಿಯನ್ನು ಅಮ್ಮ ಈಗಲೂ ಮರೆತಿಲ್ಲ. 2023ರ ಕೊನೆಯ ರಾತ್ರಿ ಇಡುಕ್ಕಿ ಜಿಲ್ಲೆಯ ತೊಡುಪುಳ ಬಳಿ ಒಂದು ಮನೆಯ 13 ಹಸುಗಳು ಒಂದೇ ಸಲಕ್ಕೆ ಸತ್ತವು. ಅವನ್ನು ನೋಡಿಕೊಳ್ಳುತ್ತಿದ್ದವನು ಶಾಲೆಗೆ ಹೋಗುವ ಹುಡುಗ, ಅಪ್ಪ ಸತ್ತ ಮೇಲೆ ಹಟ್ಟಿಯನ್ನು ಕೈಗೆ ತೆಗೆದುಕೊಂಡವನು. ಕಾರಣ ಮರಗೆಣಸಿನ ಸಿಪ್ಪೆ. ಮರಗೆಣಸಿನಲ್ಲಿ, ಅದರಲ್ಲೂ ಹಸಿ ಸಿಪ್ಪೆ ಮತ್ತು ಎಲೆಯಲ್ಲಿ, ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ. ಮನುಷ್ಯರು ಸಿಪ್ಪೆ ತೆಗೆದು, ಬೇಯಿಸಿ, ನೀರು ಬಸಿದು ತಿನ್ನುವುದರಿಂದ ಬಚಾವು. ಹೊಟ್ಟೆ ತುಂಬ ತಿಂದ ದನ ಗಂಟೆಗಳೊಳಗೆ ಉಸಿರು ಕಟ್ಟಿ ಬೀಳುತ್ತದೆ. ಆ ಮನೆಗೆ ಮಂತ್ರಿಗಳು ಬಂದು ಹಸು ಕೊಡಿಸುತ್ತೇವೆಂದರು. ಸ್ವತಃ ಹಸು ಸಾಕುವ, ಹಿಂದೆ ತಾನೂ ಹೀಗೆ ಹಸುಗಳನ್ನು ಕಳೆದುಕೊಂಡಿದ್ದ ನಟ ಜಯರಾಂ ಹೋಗಿ ಐದು ಲಕ್ಷ ಕೊಟ್ಟರು. ಕೇರಳ ಅಂಥ ಹೊತ್ತಿನಲ್ಲಿ ಒಟ್ಟು ಸೇರುವ ರೀತಿಯನ್ನು ಹದಿಮೂರು ವರ್ಷದಲ್ಲಿ ನಾನು ಹಲವು ಸಲ ಕಂಡಿದ್ದೇನೆ. ಆದರೆ ಟಿವಿಯಲ್ಲಿ ಆ ಹುಡುಗ ಅಳುವುದನ್ನು ನೋಡಿ ಅಮ್ಮ ಹೇಳಿದ್ದು ಒಂದೇ ಮಾತು: "ಹಸು ಕೊಡಬಹುದು. ಅವನು ಹೆಸರು ಹಿಡಿದು ಕರೆದರೆ ಬರುವ ಹಸು ಎಲ್ಲಿಂದ ತರ್ತಾರೆ?"

ಕೇಂದ್ರ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಇರುವುದು ನಮ್ಮ ಪಕ್ಕದ ಶ್ರೀಕಾರ್ಯಂನಲ್ಲೇ, 1963ರಿಂದ. ನಮ್ಮ ಸುತ್ತ ಮರಚ್ಚೀನಿ, ಅಂದರೆ ಮರಗೆಣಸು, ಬೇಯದ ಮನೆಯೇ ಇಲ್ಲ. ನೆರೆಯವರು ಪ್ರೀತಿಯಿಂದ ತರಕಾರಿ ಸಿಪ್ಪೆಯ ಚೀಲ ತಂದು ಗೇಟಿಗೆ ನೇತುಹಾಕುತ್ತಾರೆ. ಅಮ್ಮ ಪ್ರತಿ ಚೀಲವನ್ನೂ ಮೊರಕ್ಕೆ ಸುರುವಿ ಕನ್ನಡಕ ಹಾಕಿ ಆರಿಸುತ್ತಾಳೆ. ರಬ್ಬರ್ ಎಲೆಯ ವಿಷ ಅವಳಿಗೆ ಊರಿನಿಂದಲೇ ಗೊತ್ತು, ಅದೂ ಇದೇ ಜಾತಿಯದು.

ಹಸುವಿನ ವಿಷಯ ಕೊನೆಗೆ ಇಟ್ಟುಕೊಂಡಿದ್ದೆ. 2021ರಲ್ಲಿ ವೈಕಂ ಕಡೆಯಿಂದ ಒಂದು ವೆಚ್ಚೂರು ಗಡಸು ತಂದೆವು. ವೆಚ್ಚೂರು ಕೋಟ್ಟಯಂ ಜಿಲ್ಲೆಯ ಒಂದು ಊರು, ಅಲ್ಲಿನ ಹಸು ಜಗತ್ತಿನ ಅತಿ ಗಿಡ್ಡ ತಳಿ ಎಂದು ಹೆಸರುವಾಸಿ. ಎತ್ತರ ಸುಮಾರು 90 ಸೆಂಟಿಮೀಟರ್, ಹಾಲು ದಿನಕ್ಕೆ ಎರಡು ಮೂರು ಲೀಟರು. ಮೇವು ಬೇಕಾಗುವುದೂ ಅಷ್ಟಕ್ಕಷ್ಟೆ. ಲಾರಿಯಿಂದ ಇಳಿದದ್ದನ್ನು ನೋಡಿ ಅಮ್ಮ, "ಅಯ್ಯೋ, ಇದು ನಮ್ಮ ಗಿಡ್ಡದ ತಂಗಿ!" ಎಂದಳು. ಮಲೆನಾಡು ಗಿಡ್ಡ, ಕಾಸರಗೋಡು ಗಿಡ್ಡ, ವೆಚ್ಚೂರು, ಮೂರೂ ಪಶ್ಚಿಮ ಘಟ್ಟದ ಇಳಿಜಾರಿನ ಮಳೆ, ಕೆಸರು, ಬಡ ಹುಲ್ಲಿಗೆ ಒಗ್ಗಿದ ಸಣ್ಣ ಮೈಯವು. ಕಾಸರಗೋಡಿನ ಬದಿಯಡ್ಕ ಹತ್ತಿರದ ಬೇಳದಲ್ಲಿ ಕಾಸರಗೋಡು ಗಿಡ್ಡಕ್ಕೆಂದೇ ಸರಕಾರಿ ಫಾರ್ಮು ಇದೆ. ಆ ದಾರಿಯಲ್ಲಿ ಹೋಗುವ ಕನ್ನಡಿಗರು ಒಮ್ಮೆ ನೋಡಬಹುದು.

ಈ ವೆಚ್ಚೂರು ಹಸು ಇಲ್ಲವಾಗಲು ಬಂದಿತ್ತು. ಕೇರಳದಲ್ಲಿ 1961ರಲ್ಲಿ ಬಂದ ಜಾನುವಾರು ಅಭಿವೃದ್ಧಿ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದ ಹೋರಿಗಳನ್ನು ಬಿತ್ತನೆಗೆ ಬಿಡುವಂತಿರಲಿಲ್ಲ, ಬೀಜ ಒಡೆಸಬೇಕಿತ್ತು. ನಾಡ ಹೋರಿಗಳಿಗೆ ಪರವಾನಗಿ ಕೊಡುವವರು ಯಾರು? 1963ರಲ್ಲಿ ಮೂನ್ನಾರ್ ಬಳಿಯ ಮಾಟ್ಟುಪೆಟ್ಟಿಯಲ್ಲಿ ಸ್ವಿಸ್ ನೆರವಿನ ಯೋಜನೆ ಬಂತು, ಬ್ರೌನ್ ಸ್ವಿಸ್ ಹೋರಿಗಳು ಬಂದವು, ಸುನಂದಿನಿ ಎಂಬ ಮಿಶ್ರತಳಿ ಬಂತು. ಇದನ್ನು ಬರೀ ಅನ್ಯಾಯ ಎನ್ನಲು ನನಗೆ ಮನಸ್ಸಿಲ್ಲ. ಆ ಮಿಶ್ರತಳಿಯ ಹಾಲಿನಿಂದ ಲಕ್ಷಾಂತರ ಬಡ ಮನೆಗಳು ನಡೆದಿವೆ, ಮಕ್ಕಳು ಓದಿದ್ದಾರೆ. ಆದರೆ ಮೂವತ್ತು ವರ್ಷಗಳೊಳಗೆ ವೆಚ್ಚೂರಿನಲ್ಲೇ ವೆಚ್ಚೂರು ಹಸು ಹುಡುಕಿದರೂ ಸಿಗದ ಸ್ಥಿತಿ ಬಂದದ್ದೂ ನಿಜ. 1989ರಲ್ಲಿ ಮಣ್ಣುತ್ತಿಯ ಪಶುವೈದ್ಯ ಕಾಲೇಜಿನ ಪ್ರಾಧ್ಯಾಪಕಿ ಡಾ. ಶೋಶಾಮ್ಮ ಐಪ್ ತಮ್ಮ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಊರೂರು ತಿರುಗಿ ಉಳಿದಿದ್ದ ಕೆಲವೇ ಹಸುಗಳನ್ನು ಹುಡುಕಿ ತಂದರು. ವಿರೋಧ, ಆರೋಪ ಎಲ್ಲವನ್ನೂ ಕಂಡರು. 1998ರಲ್ಲಿ ವೆಚ್ಚೂರು ಸಂರಕ್ಷಣಾ ಟ್ರಸ್ಟ್ ಆಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ಸುದ್ದಿಯ ಪೇಪರು ಕತ್ತರಿಸಿ ಅಮ್ಮ ಲೆಕ್ಕದ ಪುಸ್ತಕದ ರಟ್ಟಿಗೆ ಅಂಟಿಸಿದ್ದಾಳೆ.

ನಮ್ಮ ಗೌರಿ 2022ರಲ್ಲಿ ಹೆಣ್ಣುಕರು ಹಾಕಿತು. ಗಿಣ್ಣು ಮಾಡಿ ಬೀದಿಗೆಲ್ಲ ಹಂಚಿದೆವು, ಬೆಲ್ಲ ಏಲಕ್ಕಿ ಹಾಕಿದ ಗಿಣ್ಣನ್ನು ನಮ್ಮ ಬೀದಿಯ ಹಲವರು ಮೊದಲ ಸಲ ತಿಂದದ್ದಂತೆ. ಮರುವರ್ಷದ ಕೊನೆಗೆ ಹುಟ್ಟಿದ್ದು ಗಂಡು. ಅಮ್ಮ, ಹೆಂಡತಿ, ನಾನು ಮೂವರೂ ಮಗಳ ಮುಖ ನೋಡಿದೆವು, ಅವಳು ಹೆಸರಿಡದೆ ಒಳಗೆ ಹೋದಳು. ಆದರೆ ಈ ಸಲ ಕತೆ ಬೇರೆಯಾಯಿತು. ಶುದ್ಧ ವೆಚ್ಚೂರು ಹೋರಿಗೆ ಈಗ ಬೇಡಿಕೆ ಇದೆ. ಆರು ತಿಂಗಳಿಗೆ ಕೋಟ್ಟಯಂ ಕಡೆಯ ತಳಿ ಸಾಕಣೆದಾರರೊಬ್ಬರು ಬಂದು ಬಿತ್ತನೆಗೆಂದು ಒಯ್ದರು, ಆಗಾಗ ಫೋಟೋ ಕಳಿಸುತ್ತಾರೆ. ಅರವತ್ತರ ದಶಕದಲ್ಲಿ ಹುಟ್ಟಿದ್ದರೆ ಕಾನೂನೇ ಅದರ ವಂಶ ಕೊನೆಗೊಳಿಸುತ್ತಿತ್ತು. ಈಗ ಅಪರೂಪವಾದ್ದರಿಂದ ಬದುಕಿತು. ಅಪ್ಪುವಿನಂಥ ಹೋತಗಳು ಅಪರೂಪವಲ್ಲ. ಮಗಳು ಈ ವ್ಯತ್ಯಾಸವನ್ನು ಗಮನಿಸಿದಳು, ನನಗೆ ವಿವರಿಸಲು ಉಳಿದಿದ್ದೇನೂ ಇರಲಿಲ್ಲ.

ಸುಖದ ಲೆಕ್ಕ ಕೊಡುವಾಗ ಅದರ ಬೆಲೆಯನ್ನೂ ಹೇಳಬೇಕಲ್ಲ. ಐದು ವರ್ಷದಲ್ಲಿ ನಾವು ನಾಲ್ವರೂ ಒಟ್ಟಿಗೆ ಊರಿಗೆ ಹೋದದ್ದಿಲ್ಲ. ಒಬ್ಬರು ಮದುವೆಗೆ ಹೋದರೆ ಇನ್ನೊಬ್ಬರು ಹಟ್ಟಿಗೆ. ಹೆಂಡತಿಯ ತಂಗಿಯ ಸೀಮಂತಕ್ಕೆ ನಾನು ಹೋಗಲಿಲ್ಲ, ಆ ಮಾತು ಈಗಲೂ ಆಗಾಗ ಬರುತ್ತದೆ. ಮಳೆಗಾಲದಲ್ಲಿ ವಾಸನೆ ಎಂದು ಎದುರು ಸಾಲಿನವರೊಬ್ಬರು ದೂರು ಕೊಟ್ಟರು, ಗೊಬ್ಬರದ ಗುಂಡಿಗೆ ಮುಚ್ಚಳ ಹಾಕಿಸಿ ಗೋಬರ್ ಗ್ಯಾಸ್ ಮಾಡಿಸಿದೆವು. ಈಗ ಅವರೇ ಗುಲಾಬಿಗೆ ಗೊಬ್ಬರ ಕೇಳುತ್ತಾರೆ. ಹಾಲು, ಮೊಟ್ಟೆ, ಗೊಬ್ಬರ, ಮರಿ ಎಲ್ಲ ಸೇರಿಸಿದರೂ ಪುಸ್ತಕದ ಪ್ರಕಾರ ಖರ್ಚೇ ಮುಂದೆ.

ಈಗ ಜಾಗದ ಯಜಮಾನರು ತೀರಿಕೊಂಡಿದ್ದಾರೆ. ಮಕ್ಕಳು ಗಲ್ಫಿನಿಂದ ಬಂದು ಬಹಳ ಮರ್ಯಾದೆಯಿಂದಲೇ ವಿಷಯ ಹೇಳಿದರು: ಹನ್ನೆರಡು ಸೆಂಟು ಮಾರುತ್ತಾರೆ, ಚಿಂಗಮಾಸದೊಳಗೆ ಖಾಲಿ ಮಾಡಬೇಕು. ಉಳ್ಳೂರಿನಲ್ಲಿ ಸೆಂಟಿಗೆ ಏನು ದರ ಎಂದು ಇಲ್ಲಿ ಇರುವವರಿಗೆ ಗೊತ್ತು, ಕೊಳ್ಳುವ ಮಾತೇ ಇಲ್ಲ. ಅವರದೂ ಸರಿಯೇ. ಕೋಳಿಗಳು ಚೇಚಿಯ ಹಿತ್ತಲಿಗೆ ಹೋಗುತ್ತವೆ. ಮಲ್ಲಿ ಚಿನ್ನುಗಳನ್ನು ನೆಡುಮಂಗಾಡಿನವರು ಕೇಳಿದ್ದಾರೆ. ಗೌರಿ ಮತ್ತೆ ಗಬ್ಬ, ಮೇಡಮಾಸಕ್ಕೆ ಕರು.

ಗೌರಿ ಎಲ್ಲಿಗೆ ಎಂದು ಯಾರೂ ಕೇಳುವ ಮೊದಲೇ ಅಮ್ಮ ಅಣ್ಣನಿಗೆ ಫೋನು ಮಾಡಿ ಮುಗಿಸಿದ್ದಳು. ಅವಳ ಮೊಣಕಾಲು ನೋವು ಜಾಸ್ತಿಯಾಗಿದೆ, ಎಪ್ಪತ್ತೆರಡು ದಾಟಿತು. ಆದರೂ ಗೌರಿಯ ಜೊತೆ ತಾನೂ ಹೋಗುತ್ತೇನೆ ಎನ್ನುತ್ತಾಳೆ. "ಮಳೆ ಮುಗಿಯುವವರೆಗೆ" ಎನ್ನುತ್ತಾಳೆ, ಯಾವ ಮಳೆ ಎಂದು ಹೇಳುವುದಿಲ್ಲ. ಅವಳನ್ನು ಈ ಊರಿನಲ್ಲಿ ನಿಲ್ಲಿಸಿದ್ದು ಈ ಪ್ರಾಣಿಗಳು, ಅವು ಹೊರಟಾಗ ಅವಳೂ ಹೊರಡುತ್ತಿದ್ದಾಳೆ. ಹೆಂಡತಿ ಎರಡು ದಿನದಿಂದ ಸರಿಯಾಗಿ ಮಾತಾಡಿಲ್ಲ, ಕೊಟ್ಟಿಗೆಯಲ್ಲಿ ಗೌರಿಯ ಮೈ ಉಜ್ಜುತ್ತ ನಿಂತಿರುತ್ತಾಳೆ. ನಾನು 'ಅಮ್ಮ, ನೀನು ಇಲ್ಲೇ ಇರು' ಎಂಬ ಮಾತನ್ನು ಬಾಯಿಗೆ ತಂದು ಸಿಂಕಿನ ಕಡೆ ನೋಡಿ ಸುಮ್ಮನಾಗುತ್ತೇನೆ.

ಹೇಳಿದ್ದನ್ನೆಲ್ಲ ಕೇಳಿ ಮಗಳು ಕೇಳಿದ್ದು ಒಂದೇ: "ಅಜ್ಜೀ, ನಿಜವಾದ ವಿಟ್ಲಕ್ಕೇನಾ?"

"ನಿಜವಾದ ವಿಟ್ಲಕ್ಕೇ. ದಸರಾ ರಜೆಗೆ ಬಾ, ನೋಡುವಿಯಂತೆ" ಎಂದಳು ಅಮ್ಮ.

ಇಲ್ಲಿಂದ ಅಲ್ಲಿಗೆ 600 ಕಿಲೋಮೀಟರಿಗೂ ಹೆಚ್ಚು. ಕರು ಹಾಕಿ ಎರಡು ತಿಂಗಳಾಗದೆ ಲಾರಿ ಹತ್ತಿಸಬಾರದು ಎಂದು ಡಾಕ್ಟರು ಹೇಳಿದ್ದಾರೆ. ಹಾಗಾದರೆ ಸುರಿಯುವ ಮಳೆಯಲ್ಲೇ ಪ್ರಯಾಣ, ಮೇಲೆ ಟಾರ್ಪಾಲು ಇರುವ ಲಾರಿ ಬೇಕು. ಗಡಿ ದಾಟಲು ಆರೋಗ್ಯ ಪ್ರಮಾಣಪತ್ರ, ಕಿವಿಯ ಟ್ಯಾಗಿನ ನಂಬರು, ಸಾಗಾಟದ ಕಾಗದ ಎಲ್ಲ ಸರಿಯಿರಬೇಕು, ಕರ್ನಾಟಕದ 2020ರ ಕಾಯಿದೆಯ ನಂತರ ತಲಪಾಡಿಯಲ್ಲಿ ದನದ ಲಾರಿ ಸುಮ್ಮನೆ ದಾಟುವುದಿಲ್ಲ. ನಡುವೆ ಕೋಝಿಕ್ಕೋಡಿನಲ್ಲಿ ಒಂದು ರಾತ್ರಿ ಇಳಿಸಿ ನೀರು ಮೇವು ಕೊಡಲು ಜಾಗ ಬೇಕು. ಆ ಕಡೆ ಹಟ್ಟಿ ಇರುವ ಕನ್ನಡಿಗರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಸಂಪಾದಕರ ಮೂಲಕ ತಿಳಿಸಿ. ಒಂದು ಗಿಡ್ಡ ಹಸು, ಅದರ ಮಗಳು, ಒಂದು ಎಳೆಗರು, ಬೆಳಿಗ್ಗೆ ನಾಲ್ಕೂವರೆಗೆ ಏಳುವ ಒಬ್ಬ ಮುದುಕಿ. ಬೈಹುಲ್ಲು ನಾವೇ ತರುತ್ತೇವೆ.